28 ಹೊಲಿಗೆ ಬಿಚ್ಚಿಸಲು ಯಾರ ಅಪ್ಪಣೆ ಬೇಕು?

ಅಮೆರಿಕದ ನ್ಯೂಜೆರ್ಸಿ ರಾಜ್ಯದ ಒಂದು ಜಮೀನು. ವಲಸೆ ಕೂಲಿಗಳ ಬಿಡಾರದ ಹತ್ತಿರ ಇಬ್ಬರು ಬಂದು ಗಾಡಿ ನಿಲ್ಲಿಸಿದರು. ಒಬ್ಬರು ಆರೋಗ್ಯ ಸೇವೆಯ ಕಾರ್ಯಕರ್ತ, ಇನ್ನೊಬ್ಬರು ಬಡವರಿಗೆ ಕಾನೂನು ನೆರವು ಕೊಡುವ ಸಂಸ್ಥೆಯ ವಕೀಲ. ಬಿಡಾರದಲ್ಲಿದ್ದ ಒಬ್ಬ ಕೂಲಿಗೆ 28 ಹೊಲಿಗೆ ಹಾಕಿತ್ತು, ಅದನ್ನು ಬಿಚ್ಚಿಸಬೇಕಿತ್ತು. ಮತ್ತೊಬ್ಬನಿಗೆ ವಕೀಲರ ಜೊತೆ ಮಾತಾಡಬೇಕಿತ್ತು. ಅಷ್ಟೇ ವಿಷಯ.

ಜಮೀನಿನ ಮಾಲೀಕ ಅಡ್ಡ ಬಂದ. ಗಾಯ ಆದವನನ್ನು ನಾನೇ ಹುಡುಕಿ ಕರೆಸ್ತೀನಿ, ವಕೀಲರು ಬೇಕಾದವನನ್ನೂ ಕರೆಸ್ತೀನಿ, ಆದರೆ ಮಾತುಕತೆ ನನ್ನ ಆಫೀಸಿನಲ್ಲಿ, ನನ್ನ ಎದುರಿಗೇ ಆಗಬೇಕು ಅಂದ. ಮಾಲೀಕನ ಎದುರಿಗೆ ಯಾವ ಕೂಲಿ ಬಾಯಿ ಬಿಡ್ತಾನೆ, ಅಲ್ವಾ? ಇವರು ಒಪ್ಪಲಿಲ್ಲ. ಮಾಲೀಕ ಪೊಲೀಸರನ್ನು ಕರೆಸಿ, ಲಿಖಿತ ದೂರು ಕೊಟ್ಟ. ಅಕ್ರಮ ಪ್ರವೇಶದ ಕೇಸು ಬಿತ್ತು. ಕೆಳಗಿನ ಎರಡು ಕೋರ್ಟುಗಳೂ ಇವರದೇ ತಪ್ಪು ಅಂದವು. ತಮಾಷೆ ಏನು ಗೊತ್ತಾ? ಇಬ್ಬರ ಸಂಸ್ಥೆಗಳೂ ನಡೆಯುತ್ತಿದ್ದದ್ದು ಫೆಡರಲ್, ಅಂದರೆ ಕೇಂದ್ರ ಸರ್ಕಾರದ ದುಡ್ಡಿನಲ್ಲಿ. ವಲಸೆ ಕೂಲಿಗಳಿಗೆ ಸೇವೆ ಮುಟ್ಟಿಸಿ ಅಂತಲೇ ಸರ್ಕಾರ ಕೊಟ್ಟ ದುಡ್ಡು ಅದು.

ಕೊನೆಗೆ 1971ರಲ್ಲಿ ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ ಕೆಳಗಿನ ತೀರ್ಪನ್ನು ರದ್ದು ಮಾಡಿ, ಇಬ್ಬರದೂ ತಪ್ಪಿಲ್ಲ ಅಂದಿತು. ಜಮೀನು ನಿನ್ನದಾದ ಮಾತ್ರಕ್ಕೆ ಅಲ್ಲಿ ಇರೋರ ಹಣೆಬರಹವೂ ನಿನ್ನದಾಗೋದಿಲ್ಲ ಅನ್ನೋ ಅರ್ಥದ ತೀರ್ಪು. ‘ಸ್ಟೇಟ್ ವರ್ಸಸ್ ಶ್ಯಾಕ್’ ಅಂತ ಅದರ ಹೆಸರು.

ವಲಸೆ ಕೂಲಿಗಳಿಗೆ ಸೌಲಭ್ಯ ಸಿಗೋದಿಲ್ಲ ಅಂದ ತಕ್ಷಣ ನಾವು ಯೋಜನೆ ಇಲ್ಲ, ದುಡ್ಡು ಇಲ್ಲ ಅಂದುಕೊಳ್ತೀವಿ. ಅಮೆರಿಕದ ಕಥೆ ನೋಡಿದರೆ ಯೋಜನೆಗಳಿಗೆ ಬರ ಇರಲಿಲ್ಲ. ಕೂಲಿ ಮಲಗುವ ಜಾಗ ಮಾಲೀಕನದು, ಅಲ್ಲಿಗೆ ಯಾರು ಬರಬೇಕು ಅಂತ ಹೇಳೋನೂ ಅವನೇ. ತೊಡಕು ಇರೋದು ಅಲ್ಲಿ.

ಸ್ವಲ್ಪ ಹಿಂದಕ್ಕೆ ಹೋಗೋಣ. 1935ರಲ್ಲಿ ಅಲ್ಲಿ ಎರಡು ದೊಡ್ಡ ಕಾನೂನು ಬಂದವು. ಒಂದು ಯೂನಿಯನ್ ಕಟ್ಟುವ ಹಕ್ಕು ಕೊಟ್ಟಿತು, ಇನ್ನೊಂದು ಮುಪ್ಪಿನ ಪಿಂಚಣಿ. 1938ರಲ್ಲಿ ಕನಿಷ್ಠ ಕೂಲಿ, ಓವರ್‌ಟೈಮ್ ಬಂತು. ಮೂರರಿಂದಲೂ ಹೊಲದ ಕೂಲಿಗಳನ್ನು ಹೊರಗಿಟ್ಟರು. ದಕ್ಷಿಣದ ರಾಜ್ಯಗಳಲ್ಲಿ ಹೊಲದ ಕೆಲಸ ಮಾಡುತ್ತಿದ್ದವರಲ್ಲಿ ಕಪ್ಪು ಜನ ಜಾಸ್ತಿ, ಅಲ್ಲಿಯ ಸಂಸದರ ಓಟಿಲ್ಲದೆ ಕಾನೂನು ಪಾಸಾಗುತ್ತಿರಲಿಲ್ಲ. ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ. ಕನಿಷ್ಠ ಕೂಲಿ ಇವರವರೆಗೆ ಬಂದದ್ದು 1966ರಲ್ಲಿ, ಅದೂ ದೊಡ್ಡ ಜಮೀನುಗಳಿಗೆ ಮಾತ್ರ. ಫೆಡರಲ್ ಕಾನೂನಿನಲ್ಲಿ ಓವರ್‌ಟೈಮ್ ಇವತ್ತಿಗೂ ಇಲ್ಲ.

ಆದರೆ ಅದೇ ಮೂವತ್ತರ ದಶಕದಲ್ಲಿ ಒಂದು ಒಳ್ಳೆಯ ಕೆಲಸವೂ ಆಯಿತು. ಬರಗಾಲ, ದೂಳಿನ ಬಿರುಗಾಳಿಗೆ ಮನೆಮಠ ಬಿಟ್ಟು ಕ್ಯಾಲಿಫೋರ್ನಿಯಾಕ್ಕೆ ಬಂದ ಜನರಿಗೆ ಸರ್ಕಾರವೇ ಬಿಡಾರ ಕಟ್ಟಿಸಿತು. ನೀರು, ಶೌಚಾಲಯ, ಜೊತೆಗೆ ನರ್ಸ್. 1938ರಲ್ಲಿ ಕ್ಯಾಲಿಫೋರ್ನಿಯಾ, ಅರಿಜೋನಾಗಳಲ್ಲಿ ಈ ಕೂಲಿಗಳಿಗಾಗಿಯೇ ಒಂದು ಆರೋಗ್ಯ ವ್ಯವಸ್ಥೆಯೂ ಶುರುವಾಯಿತು. ಬಿಡಾರ ಸರ್ಕಾರದ್ದು, ಹಾಗಾಗಿ ನರ್ಸ್ ಒಳಗೆ ಹೋಗಲು ಯಾರನ್ನೂ ಕೇಳಬೇಕಿರಲಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಇದೆಲ್ಲ ಮುಚ್ಚಿಹೋಯಿತು.

ಈ ನಡುವೆ 1942ರಲ್ಲಿ ಮೆಕ್ಸಿಕೋದಿಂದ ಕರಾರಿನ ಮೇಲೆ ಗಂಡಾಳುಗಳನ್ನು ಕರೆಸುವ ‘ಬ್ರಾಸೆರೋ’ ಯೋಜನೆ ಬಂತು. 1964ರವರೆಗೆ ನಡೆಯಿತು, 45 ಲಕ್ಷದಷ್ಟು ಕರಾರು ಆದವು. ಊಟ, ವಸತಿ ಎಲ್ಲ ಜಮೀನು ಮಾಲೀಕರ ಸಂಘಗಳ ಕೈಯಲ್ಲಿ. ಶುರುವಿನ ವರ್ಷಗಳಲ್ಲಿ ಕೂಲಿಯಲ್ಲಿ ಶೇ 10 ಹಿಡಿದು ಉಳಿತಾಯಕ್ಕೆ ಹಾಕುತ್ತಿದ್ದರು, ಊರಿಗೆ ಹೋದ ಮೇಲೆ ಎಷ್ಟೋ ಜನಕ್ಕೆ ಆ ದುಡ್ಡು ಸಿಗಲೇ ಇಲ್ಲ.

1960ರ ನವೆಂಬರ್‌ನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ, ಸಿಬಿಎಸ್ ಟಿವಿಯಲ್ಲಿ ಪತ್ರಕರ್ತ ಎಡ್ವರ್ಡ್ ಮರ್ರೋ ಈ ಕೂಲಿಗಳ ಬದುಕನ್ನು ತೋರಿಸಿದರು. ಹಬ್ಬದೂಟ ಇನ್ನೂ ಹೊಟ್ಟೆಯಲ್ಲಿದ್ದಾಗಲೇ ಆ ಊಟ ಬೆಳೆದವರ ಮುಖ ನೋಡಿ ಜನ ಬೆಚ್ಚಿದರು. 1962ರಲ್ಲಿ ವಲಸೆ ಕೂಲಿಗಳ ಆರೋಗ್ಯಕ್ಕಾಗಿಯೇ ಕಾನೂನು ಬಂತು, ಅಧ್ಯಕ್ಷ ಕೆನಡಿ ಸಹಿ ಹಾಕಿದರು. ಕ್ಲಿನಿಕ್‌ಗಳು ಎದ್ದವು. ಆದರೆ ಹಗಲು ಹೊತ್ತು ತೆರೆದಿರುವ ಕ್ಲಿನಿಕ್‌ಗೆ, ಹೊತ್ತು ಹುಟ್ಟುವ ಮುಂಚೆ ಹೊಲಕ್ಕಿಳಿದು ಕತ್ತಲಾದ ಮೇಲೆ ಬರುವವನು ಯಾವಾಗ ಹೋಗಬೇಕು? ಗಾಡಿ ಇಲ್ಲ, ಬಸ್ಸಿಲ್ಲ. ಕರೆದುಕೊಂಡು ಹೋದರೆ ಕ್ರೂ ಲೀಡರ್, ಅಂದರೆ ನಮ್ಮ ಮೇಸ್ತ್ರಿ ಇದ್ದ ಹಾಗೆ, ಅವನೇ ಕರೆದುಕೊಂಡು ಹೋಗಬೇಕು.

ಮಕ್ಕಳ ವಿಷಯದಲ್ಲಿ ಮಾತ್ರ ಒಂದು ಜಾಣ ಉಪಾಯ ಮಾಡಿದ್ದರು. ಬೆಳೆ ಹಿಂದೆ ಊರೂರು ತಿರುಗುವ ಮಗು ಪ್ರತಿ ಶಾಲೆಯಲ್ಲೂ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತಿತ್ತು. ಎಲ್ಲಿಯವರೆಗೆ ಓದಿದೆ, ಯಾವ ಲಸಿಕೆ ಆಗಿದೆ, ಏನೂ ತಿಳಿಯದು. ಆರ್ಕನ್ಸಾದ ಲಿಟಲ್ ರಾಕ್‌ನಲ್ಲಿ ಒಂದು ಕಂಪ್ಯೂಟರ್ ಕೇಂದ್ರ ಮಾಡಿ ದಾಖಲೆಯೆಲ್ಲ ಅಲ್ಲಿಟ್ಟರು. ಮಗು ಹೋದ ಕಡೆ ಅದರ ದಾಖಲೆಯೂ ಹೋಗಬೇಕು ಅನ್ನೋ ಯೋಚನೆ. ಇಂಟರ್ನೆಟ್ ಇಲ್ಲದ ಕಾಲದಲ್ಲಿ! 1995ರಲ್ಲಿ ಮುಚ್ಚಿದರು.

ಹೊಲದಲ್ಲಿ ಕುಡಿಯುವ ನೀರು, ಕೈ ತೊಳೆಯಲು ನೀರು, ಶೌಚಾಲಯ ಕೊಡಿ ಅನ್ನೋ ಅರ್ಜಿ 1972ರದು. ದೇಶಕ್ಕೆಲ್ಲ ಅನ್ವಯಿಸುವ ನಿಯಮ ಬಂದದ್ದು 1987ರಲ್ಲಿ. ಹದಿನೈದು ವರ್ಷ. 20 ಜನಕ್ಕೆ ಒಂದು ಶೌಚಾಲಯ, ಹೆಚ್ಚೆಂದರೆ ಕಾಲು ಮೈಲಿ ದೂರದಲ್ಲಿ. ಹತ್ತು ಜನರೋ ಅದಕ್ಕಿಂತ ಕಮ್ಮಿಯೋ ಇದ್ದರೆ ನಿಯಮ ಇಲ್ಲ.

ಇನ್ನು ಒಳಗೆ ಹೋಗುವ ಹಕ್ಕು. 1975ರಲ್ಲಿ ಕ್ಯಾಲಿಫೋರ್ನಿಯಾ, ಯೂನಿಯನ್‌ನವರು ದಿನಕ್ಕೆ ಮೂರು ಗಂಟೆಯಂತೆ ವರ್ಷಕ್ಕೆ 120 ದಿನ ಜಮೀನಿನೊಳಗೆ ಹೋಗಿ ಕೂಲಿಗಳ ಜೊತೆ ಮಾತಾಡಬಹುದು ಅಂತ ನಿಯಮ ಮಾಡಿತ್ತು. 2021ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು 6–3ರಲ್ಲಿ ತಳ್ಳಿಹಾಕಿತು. ಪರಿಹಾರ ಕೊಡದೆ ಆಸ್ತಿ ಕಿತ್ತುಕೊಂಡ ಹಾಗೆ ಇದು ಅಂದಿತು. ಅದು ಯೂನಿಯನ್ ಕೇಸು, ನರ್ಸ್‌ಗಳದ್ದಲ್ಲ, ನಿಜ. ಆದರೂ ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ನನಗಂತೂ ಕಾಣುತ್ತದೆ.

ಈಗ ಹೊರದೇಶದಿಂದ ಎಚ್-2ಎ, ಅಂದರೆ ಹಂಗಾಮಿನ ಹೊಲದ ಕೆಲಸಕ್ಕೆ ಕೊಡುವ ವೀಸಾದಲ್ಲಿ ಬರುವವರೇ ಜಾಸ್ತಿ ಆಗುತ್ತಿದ್ದಾರೆ. 2022ರಲ್ಲಿ 3 ಲಕ್ಷ 70 ಸಾವಿರದಷ್ಟು ಕೆಲಸಗಳಿಗೆ ಅನುಮತಿ ಸಿಕ್ಕಿತ್ತು. ವೀಸಾ ಒಬ್ಬ ಮಾಲೀಕನಿಗೆ ಅಂಟಿಕೊಂಡಿರುತ್ತದೆ, ಮನೆಯನ್ನೂ ಮಾಲೀಕನೇ ಪುಕ್ಕಟೆ ಕೊಡಬೇಕು. ಓದಲು ಚೆನ್ನಾಗಿದೆ. ಜಗಳ ಆದರೆ ಕೆಲಸ, ಮನೆ, ವೀಸಾ ಮೂರೂ ಒಟ್ಟಿಗೆ ಹೋಗುತ್ತವೆ. ಭಾಷೆಯ ತೊಡಕು ಬೇರೆ. ಮೆಕ್ಸಿಕೋದವರು ಅಂತ ಸ್ಪ್ಯಾನಿಷ್ ದುಭಾಷಿಯನ್ನು ಕರೆತಂದರೆ, ದಕ್ಷಿಣ ಮೆಕ್ಸಿಕೋದ ವಾಹಾಕಾ ಕಡೆಯಿಂದ ಬಂದ ಎಷ್ಟೋ ಜನರ ಮನೆಮಾತು ಮಿಷ್ಟೆಕ್ ಅನ್ನೋ ಮೂಲನಿವಾಸಿಗಳ ಭಾಷೆ ಆಗಿರುತ್ತದೆ, ಸ್ಪ್ಯಾನಿಷ್ ಅಷ್ಟಕ್ಕಷ್ಟೇ.

ಹಾಗಾಗಿ ಕೆಲಸ ಗೊತ್ತಿರುವ ಕಾರ್ಯಕರ್ತರು ದಾರಿ ಬದಲಿಸಿಕೊಂಡಿದ್ದಾರೆ. ಕೂಲಿಗಳಲ್ಲೇ ಕೆಲವರಿಗೆ ತರಬೇತಿ ಕೊಟ್ಟು ಬಿಡಾರದೊಳಗೇ ಆರೋಗ್ಯದ ಮಾತಾಡುವ ಹಾಗೆ ಮಾಡುತ್ತಾರೆ, ಸಂಜೆ ಮೇಲೆ ವ್ಯಾನ್ ತಗೊಂಡು ಹೋಗುತ್ತಾರೆ. ವಾರಕ್ಕೊಮ್ಮೆ ಮಾಲೀಕನ ಬಸ್ಸು ಕೂಲಿಗಳನ್ನು ಪೇಟೆಗೆ ಸಾಮಾನು ತರಲು ಬಿಡುತ್ತದಲ್ಲ, ಆ ಹೊತ್ತಿಗೆ ಸರಿಯಾಗಿ ಅಂಗಡಿ ಮುಂದೆಯೋ, ಕಾಸು ಹಾಕಿ ಬಟ್ಟೆ ಒಗೆಯುವ ಲಾಂಡ್ರಿಯಲ್ಲೋ ಹೋಗಿ ನಿಲ್ಲುತ್ತಾರೆ. ಮಷೀನು ತಿರುಗಿ ನಿಲ್ಲುವವರೆಗೆ ಅರ್ಧ ಗಂಟೆ ಸಿಗುತ್ತದೆ. ಬಿಪಿ ನೋಡುವುದು, ಫೋನ್ ನಂಬರ್ ಕೊಡುವುದು, ಕೂಲಿ ಚೀಟಿಯಲ್ಲಿ ಎಷ್ಟು ಹಿಡಿದಿದ್ದಾರೆ ಅಂತ ಓದಿ ಹೇಳುವುದು, ಎಲ್ಲ ಅಷ್ಟರೊಳಗೇ.