ಸೇವೆ ಅಂದ್ರೆ ಮೈಕ್ ಹಿಡಿಯೋದಷ್ಟೇ ಅಲ್ಲ

ಮೊನ್ನೆ ಮತ್ತೊಂದು ಕ್ರೈಸ್ತ ಕನ್ವೆನ್ಷನ್ ಪೋಸ್ಟರ್ ವಾಟ್ಸಾಪಲ್ಲಿ ಬಂತು, ಪ್ರಸಂಗಿಗಳ ಹೆಸರಿನ ಹಿಂದೆ ಎಂದಿನಂತೆ "ಮಹಾನ್ ದೇವಸೇವಕರು". ಅದನ್ನ ನೋಡಿ ನೋಡಿ ಸಾಕಾಗಿತ್ತು, ಆದ್ರೂ ಸುಮ್ನಿದ್ದೆ. ಆಮೇಲೆ ಭಾನುವಾರ ಆರಾಧನೆ ಮುಗಿದ ಮೇಲೆ ಹೊಸದಾಗಿ ಬಂದೋರೊಬ್ರು ನಮ್ಮ ಸಭೆಯ ಅಕ್ಕ ಒಬ್ರನ್ನ "ನೀವು ಯಾವ ಸೇವೇಲಿದ್ದೀರ ಅಕ್ಕಾ" ಅಂತ ಕೇಳಿದ್ರು, ಆ ಅಕ್ಕ ನಾಚ್ಕೊಂಡು "ಅಯ್ಯೋ ಇಲ್ಲಪ್ಪ, ನಾನು ಸೇವೇಲಿಲ್ಲ, ಬರೀ ಕಸ ಗುಡಿಸಿ ಚಾಪೆ ಹಾಸ್ತೀನಿ" ಅಂದ್ರು. ಆ "ಬರೀ" ಕೇಳಿದ ಮೇಲೆ ಇದನ್ನ ಬರೀಲೇಬೇಕು ಅನ್ನಿಸ್ತು.

ಬೈಬಲ್ಲಿನ ಹೊಸ ಒಡಂಬಡಿಕೇಲಿ ಸೇವೆ ಅಂತ ನಾವು ಓದೋ ಎಷ್ಟೋ ಕಡೆ ಗ್ರೀಕಲ್ಲಿರೋದು ದಿಯಾಕೊನಿಯಾ, ಮಾಡೋನು ದಿಯಾಕೊನೊಸ್. ಊಟಕ್ಕೆ ಬಡಿಸೋನು, ಹೇಳಿದ ಕೆಲಸಕ್ಕೆ ಓಡಾಡೋನು. ದಿಯಾ ಅಂದ್ರೆ ಮೂಲಕ, ಕೊನಿಸ್ ಅಂದ್ರೆ ಧೂಳು, ಹಾಗಾಗಿ ಧೂಳೆಬ್ಬಿಸ್ಕೊಂಡು ಓಡೋನೇ ದಿಯಾಕೊನೊಸ್ ಅಂತ ಪ್ರಸಂಗಗಳಲ್ಲಿ ಹೇಳ್ತಾರೆ, ಕೇಳೋಕೆ ಚೆನ್ನಾಗಿದೆ, ಆದ್ರೆ ಪದದೊಳಗಿರೋ ದೀರ್ಘ "ಆ" ಸ್ವರಕ್ಕೆ ಆ ಲೆಕ್ಕ ಕೂಡಲ್ಲ ಅಂತ ಭಾಷಾಶಾಸ್ತ್ರದೋರು ಅದನ್ನ ಒಪ್ಪಲ್ಲ. ದಯವಿಟ್ಟು ಬಿಟ್ಬಿಡಿ. ಪದ ಎಲ್ಲೆಲ್ಲಿ ಬಂದಿದೆ ಅಂತ ನೋಡಿದ್ರೆ ಸಾಕು, ಧೂಳು ಬೇಕಾಗೇ ಇಲ್ಲ. ಜ್ವರ ಬಿಟ್ಟ ಮೇಲೆ ಯೇಸುವಿನ ಶಿಷ್ಯ ಪೇತ್ರನ ಅತ್ತೆ ಎದ್ದು ಮನೇಗೆ ಬಂದೋರಿಗೆ ಉಪಚಾರ ಮಾಡಿದ್ದಕ್ಕೂ ಇದೇ ಪದ, ಕೆಂಖ್ರೆಯ ಊರಿನ ಸಭೇಲಿದ್ದ ಫೊಯಿಬೆ ಅನ್ನೋ ಹೆಂಗಸನ್ನ ಸಭೆಗಳಿಗೆ ಪತ್ರ ಬರೆದ ಪೌಲ ಪರಿಚಯ ಮಾಡಿಕೊಡೋದೂ ಇದೇ ಪದದಲ್ಲಿ.

ಎಲ್ಲಕ್ಕಿಂತ ಜಾಸ್ತಿ ತಪ್ಪಾಗಿ ಬಳಸೋದು ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯನ. ಯೆರೂಸಲೇಮಲ್ಲಿ ದಿನಾ ಹಂಚೋ ಊಟದಲ್ಲಿ ಗ್ರೀಕ್ ಮಾತಾಡೋ ವಿಧವೆಯರಿಗೆ ಪಾಲು ತಪ್ತಿದೆ ಅಂತ ಗೊಣಗಾಟ ಶುರುವಾಗುತ್ತೆ, ಆಗ ಅಪೊಸ್ತಲರು, ಅಂದ್ರೆ ಯೇಸು ಆರಿಸಿ ಕಳಿಸಿದ ಶಿಷ್ಯರು, ಆ ಕೆಲಸಕ್ಕೆ ಏಳು ಜನರನ್ನ ಆರಿಸಿ ಅಂತಾರೆ, ತಾವು ಪ್ರಾರ್ಥನೆ ಮತ್ತೆ ದೇವರ ವಾಕ್ಯದ ಕೆಲಸ ನೋಡ್ಕೊಳ್ತೀವಿ ಅಂತಾರೆ. ಇದನ್ನ ಓದಿ "ನೋಡಿ, ವಾಕ್ಯ ಸಾರೋದು ದೊಡ್ಡ ಸೇವೆ, ಬಡಿಸೋದು ಚಿಕ್ಕ ಕೆಲಸ" ಅಂತ ಹೇಳ್ತಾರಲ್ಲ, ಅಲ್ಲಿ ಗ್ರೀಕಲ್ಲಿ ಏನಿದೆ ಅಂತ ಒಂದ್ಸಲ ನೋಡಲಿ. 1ನೇ ವಚನದಲ್ಲಿ ದಿನದ ಊಟ ಹಂಚೋದು ದಿಯಾಕೊನಿಯಾ, 2ರಲ್ಲಿ ಬಡಿಸೋದು ಅದೇ ಪದದ ಕ್ರಿಯಾಪದ, 4ರಲ್ಲಿ ವಾಕ್ಯದ್ದೂ ದಿಯಾಕೊನಿಯಾನೇ. ಕೆಲಸ ಹಂಚಿಕೊಂಡ್ರು ನಿಜ, ಆದ್ರೆ ಪದ ಒಂದೇ. ಒಂದಕ್ಕೆ ಸೇವೆ ಇನ್ನೊಂದಕ್ಕೆ "ಬರೀ" ಅನ್ನೋದನ್ನ ಆಮೇಲೆ ಸೇರಿಸಿದೋರು ನಾವು.

ಸೇವೆಗೆ ಇಂಗ್ಲಿಷಲ್ಲಿ ಹೇಳೋ ಮಿನಿಸ್ಟ್ರಿ ಅಂದ್ರೂ ಇದೇ ಕಥೆ. ಲ್ಯಾಟಿನ್ನಲ್ಲಿ ಮಿನಿಸ್ಟರ್ ಹುಟ್ಟಿದ್ದು ಕಮ್ಮಿ ಅನ್ನೋ ಅರ್ಥದ ಮಿನುಸ್‌ನಿಂದ, ಅದಕ್ಕೆ ಎದುರು ಜೋಡಿ ಮಾಜಿಸ್ಟರ್, ಅದು ಹೆಚ್ಚು ಅನ್ನೋ ಮಾಜಿಸ್‌ನಿಂದ. "ನನ್ನ ಮಿನಿಸ್ಟ್ರಿ ದೊಡ್ಡದಾಗಿದೆ" ಅನ್ನೋರು ಇದನ್ನ ಒಂದು ಸಲ ಯೋಚ್ನೆ ಮಾಡ್ಬೇಕು. ಕನ್ನಡದಲ್ಲಂತೂ ಇನ್ನೂ ಚೆನ್ನಾಗಿದೆ, ಆಳು ಅಂದ್ರೆ ಕೂಲಿಯೋನು, ಆಳು ಅಂದ್ರೆ ಆಳ್ವಿಕೆ ಮಾಡು, ಎರಡಕ್ಕೂ ಒಂದೇ ಉಚ್ಚಾರ. ಮಾರ್ಕನ ಸುವಾರ್ತೆ 10ರಲ್ಲಿ ಯೇಸುಸ್ವಾಮಿ ಅನ್ಯರ ದೊರೆಗಳು ಜನರ ಮೇಲೆ ದೊರೆತನ ಮಾಡ್ತಾರೆ, ನಿಮ್ಮಲ್ಲಿ ಹಾಗಿರಬಾರದು, ಮೊದಲನೆಯವನಾಗಬೇಕು ಅನ್ನೋನು ಎಲ್ಲರ ಆಳಾಗಲಿ ಅಂತಾರಲ್ಲ, ಅದನ್ನ ಕನ್ನಡದಲ್ಲಿ ಓದಿದಾಗ ನನಗೆ ಆ ಎರಡೂ ಆಳು ಒಟ್ಟಿಗೆ ಕೇಳ್ಸುತ್ತೆ.

ಇನ್ನೊಂದು, ದೇವರಿಗೆ ನಮ್ಮ ಸೇವೆಯಿಂದ ಏನೋ ಉಪಕಾರ ಆಗ್ತಿದೆ ಅನ್ನೋ ಥರ ಮಾತಾಡೋದು. ಅಥೇನೆಯಲ್ಲಿ, ಅಂದ್ರೆ ಅಥೆನ್ಸಲ್ಲಿ, ಪೌಲ ನೇರವಾಗೇ ಹೇಳಿದ, ಎಲ್ಲರಿಗೂ ಉಸಿರು ಕೊಡೋ ಆತನಿಗೆ ಏನೋ ಕೊರತೆ ಇದೆ ಅನ್ನೋ ಹಾಗೆ ಮನುಷ್ಯರ ಕೈಯಿಂದ ಸೇವೆ ಬೇಕಾಗಿಲ್ಲ ಅಂತ. ಕೊನೇ ಊಟದ ರಾತ್ರಿ ಶಿಷ್ಯರ ಕಾಲು ತೊಳೆಯೋಕೆ ಮೊದಲು ಟವೆಲ್ ಸುತ್ಕೊಂಡು ಬೋಗುಣಿಗೆ ನೀರು ಹಾಕಿದ್ದು ಕರ್ತನಾದ ಯೇಸುವೇ. ಪೇತ್ರ ಬೇಡ ಅಂದ. ನಾನು ತೊಳೀದಿದ್ರೆ ನನ್ನ ಜೊತೆ ನಿನಗೆ ಪಾಲಿಲ್ಲ ಅನ್ನೋ ಉತ್ತರ ಬಂತು. ಅಂದ್ರೆ ನಾವು ಮಾಡೋದು ಎರಡನೇದು, ಮೊದಲನೇದು ನಮಗೆ ಮಾಡಿಸಿಕೊಳ್ಳೋದು, ಮತ್ತೆ ನಿಜ ಹೇಳ್ಬೇಕಂದ್ರೆ ಅದೇ ಕಷ್ಟ, ಕಾಲು ಚಾಚಿ ಕೂತ್ಕೊಳ್ಳೋಕೆ ದೀನತೆ ಬೇಕು. ಆ ಕೊನೇ ಊಟವನ್ನ ನೆನೆಯೋ ಪವಿತ್ರ ಗುರುವಾರ, 2013ರಲ್ಲಿ, ಪೋಪ್ ಫ್ರಾನ್ಸಿಸ್ ರೋಮ್‌ನ ಬಾಲಾಪರಾಧಿಗಳ ಜೈಲಿಗೆ ಹೋಗಿ ಅಲ್ಲಿದ್ದ 12 ಜನರ ಕಾಲು ತೊಳೆದ್ರು, ಅವರಲ್ಲಿ ಹುಡುಗೀರೂ ಇದ್ರು, ಮುಸ್ಲಿಮರೂ ಇದ್ರು.

ಆ ಅಕ್ಕನಿಗೆ ನಾನು ಹೇಳಿದ್ದು ಕಾನಾ ಊರಿನ ಮದುವೆ ಬಗ್ಗೆ. ಒಂದೊಂದು ಸುಮಾರು 80ರಿಂದ 120 ಲೀಟರ್ ಹಿಡಿಯೋ ಆರು ಕಲ್ಲಿನ ಬಾನೆಗಳಿಗೆ ಕಂಠಮಟ್ಟ ನೀರು ತುಂಬಿಸಿದ್ರು, ಆ ಕೆಲಸದೋರನ್ನ ಯೋಹಾನ ತನ್ನ ಸುವಾರ್ತೇಲಿ ಕರೆಯೋದು ದಿಯಾಕೊನೊಸ್ ಅಂತಲೇ. ಆ ನೀರನ್ನ ಯೇಸು ದ್ರಾಕ್ಷಾರಸ ಮಾಡಿದ್ರು. ಅದು ಎಲ್ಲಿಂದ ಬಂತು ಅಂತ ಔತಣ ನೋಡ್ಕೊಳ್ತಿದ್ದ ಯಜಮಾನನಿಗೆ ಗೊತ್ತಾಗಲಿಲ್ಲ, ನೀರು ತೋಡಿದೋರಿಗೆ ಗೊತ್ತಿತ್ತು.