ರಸೀದಿ ಇದೆ, ವೀಸಾ ಇದೆ, ಭಾರತಕ್ಕೆ ಹೋಗಿ ಬರಬಹುದೇ?

ಪ್ರಶ್ನೆ: ನನ್ನ ಪತಿ ಅಮೆರಿಕದ ಪ್ರಜೆ. ನಾನು ಇಲ್ಲಿಂದಲೇ ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕಿದ್ದೇನೆ, ರಸೀದಿಯೂ ಬಂದಿದೆ. ಹಿಂದೆ ಪಡೆದಿದ್ದ ಹತ್ತು ವರ್ಷದ ವಿಸಿಟರ್ ವೀಸಾ ಇನ್ನೂ ಚಾಲ್ತಿಯಲ್ಲಿದೆ. ತಂಗಿಯ ಮದುವೆಗೆ ಭಾರತಕ್ಕೆ ಹೋಗಿ ಬಂದರೆ ತೊಂದರೆ ಆಗುತ್ತದೆಯೇ?

ಉತ್ತರ: ಆಗುತ್ತದೆ. ಒಮ್ಮೆ ತಂಗಿಯ ಮದುವೆ, ಒಮ್ಮೆ ಅಣ್ಣನ ಗೃಹಪ್ರವೇಶ, ಒಮ್ಮೆ ತಾಯಿಯ ಶಸ್ತ್ರಚಿಕಿತ್ಸೆ ಎಂದು ಈ ಪ್ರಶ್ನೆ ವೇಷ ಬದಲಿಸಿಕೊಂಡು ಬರುತ್ತಲೇ ಇರುತ್ತದೆ, ನಿಯಮವಂತೂ ಬದಲಾಗಿಲ್ಲ. ಐ-485 ಎಂಬ ಗ್ರೀನ್ ಕಾರ್ಡ್ ಅರ್ಜಿ ಬಾಕಿ ಇರುವಾಗ, ಹೋಗಿ ಮರಳಲು ಬೇಕಾದ ಅಡ್ವಾನ್ಸ್ ಪರೋಲ್ ಎಂಬ ಮುಂಗಡ ಅನುಮತಿ ಪಡೆಯದೆ ದೇಶ ಬಿಟ್ಟು ಹೊರಟರೆ, ಅರ್ಜಿದಾರರು ತಾವಾಗಿಯೇ ಅರ್ಜಿಯನ್ನು ಕೈಬಿಟ್ಟಿದ್ದಾರೆ ಎಂದು ಅಮೆರಿಕದ ವಲಸೆ ಸೇವಾ ಸಂಸ್ಥೆಯಾದ ಯುಎಸ್‌ಸಿಐಎಸ್ ಪರಿಗಣಿಸುತ್ತದೆ. 2024ರ ಏಪ್ರಿಲ್ 1ರಿಂದ ವಯಸ್ಕರಿಗೆ 1,440 ಡಾಲರ್ ಆಗಿರುವ ಅರ್ಜಿ ಶುಲ್ಕ ಹಿಂದಿರುಗುವುದಿಲ್ಲ. ಪತಿ ನಿಮ್ಮ ಪರವಾಗಿ ಸಲ್ಲಿಸಿದ ಐ-130 ಎಂಬ ಮನವಿ ಮಾತ್ರ ಉಳಿದುಕೊಳ್ಳುತ್ತದೆ, ಆದರೆ ಅದನ್ನು ಆಧರಿಸಿ ವಲಸೆ ವೀಸಾ ಪಡೆಯಲು ಭಾರತದಲ್ಲಿಯೇ ಕುಳಿತು ಕಾನ್ಸುಲೇಟಿನ ಸಂದರ್ಶನಕ್ಕೆ ಕಾಯಬೇಕಾಗುತ್ತದೆ.

ಇಷ್ಟು ಹೇಳಿದ ಮೇಲೂ "ನಮ್ಮ ಪರಿಚಯದವರೊಬ್ಬರು ರಸೀದಿ ತೋರಿಸಿಯೇ ಒಳಗೆ ಬಂದರಲ್ಲ?" ಎಂಬ ಮಾತು ಬಂದೇ ಬರುತ್ತದೆ. ಈ ನಂಬಿಕೆಯನ್ನು ಬುಡಸಮೇತ ಕೀಳಬೇಕಾದರೆ ಅದು ಹುಟ್ಟಿದ್ದೆಲ್ಲಿ ಎಂದು ನೋಡಬೇಕು. ಆ ಪರಿಚಯದವರು ಸುಳ್ಳು ಹೇಳುತ್ತಿಲ್ಲ. ಆದರೆ ಅವರ ರಸೀದಿ ಬೇರೆ, ನಿಮ್ಮ ರಸೀದಿ ಬೇರೆ. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಗ್ರೀನ್ ಕಾರ್ಡ್ ಮಂಜೂರಾದರೆ ಸಿಗುವುದು ಎರಡು ವರ್ಷದ ಷರತ್ತುಬದ್ಧ ಕಾರ್ಡ್. ಆ ಷರತ್ತನ್ನು ತೆಗೆಸಲು ಸಲ್ಲಿಸುವ ಐ-751 ಅರ್ಜಿಯ ರಸೀದಿಯು ಅವಧಿ ಮುಗಿದ ಕಾರ್ಡಿನ ಆಯುಷ್ಯವನ್ನು ವಿಸ್ತರಿಸುತ್ತದೆ. 2023ರ ಜನವರಿಯಿಂದ ಈ ವಿಸ್ತರಣೆ 48 ತಿಂಗಳು. ಹಳೆಯ ಕಾರ್ಡ್ ಮತ್ತು ಈ ರಸೀದಿ ಎರಡನ್ನೂ ಹಿಡಿದು ಅವರು ಧಾರಾಳವಾಗಿ ಹೋಗಿ ಬರಬಹುದು, ಏಕೆಂದರೆ ಅವರು ಈಗಾಗಲೇ ಕಾಯಂ ನಿವಾಸಿಗಳು. ನೀವು ಇನ್ನೂ ಅಲ್ಲ. ಎರಡೂ ರಸೀದಿಗಳ ತಲೆಬರಹದಲ್ಲಿ ಐ-797 ಎಂಬ ಒಂದೇ ನಮೂನೆ ಸಂಖ್ಯೆ ಇರುವುದರಿಂದ ಜನ ಅವನ್ನು ಒಂದೇ ಎಂದುಕೊಳ್ಳುತ್ತಾರೆ. ನಿಮ್ಮ ಐ-485 ರಸೀದಿ ಹೇಳುವುದು ಇಷ್ಟೇ: ಅರ್ಜಿ ತಲುಪಿದೆ, ಹಣ ಜಮೆಯಾಗಿದೆ.

ಅಡ್ವಾನ್ಸ್ ಪರೋಲ್ ಕೋರಿ ಸಲ್ಲಿಸುವ ಐ-131ರ ರಸೀದಿಯ ಕಥೆಯೂ ಇದೇ. ಕೇಳಿದ್ದೇನೆ ಎಂಬುದಕ್ಕೆ ಅದು ಸಾಕ್ಷಿಯೇ ಹೊರತು ಕೊಟ್ಟಿದ್ದಾರೆ ಎಂಬುದಕ್ಕಲ್ಲ. ಕೆಲಸದ ಪರವಾನಗಿ ಕಾರ್ಡನ್ನೂ ಕೆಲವರು ಪ್ರಯಾಣಪತ್ರವೆಂದು ತಿಳಿಯುತ್ತಾರೆ. ಆ ಕಾರ್ಡಿನ ಮೇಲೆ ಐ-512 (ಅಡ್ವಾನ್ಸ್ ಪರೋಲ್ ಪತ್ರದ ನಮೂನೆ ಸಂಖ್ಯೆ) ಅಡ್ವಾನ್ಸ್ ಪರೋಲ್ ಆಗಿಯೂ ಸಲ್ಲುತ್ತದೆ ಎಂಬ ಸಾಲು ಮುದ್ರಿತವಾಗಿದ್ದರೆ ಮಾತ್ರ ಅದು ನಿಜ. ಸಾಲು ಇಲ್ಲದಿದ್ದರೆ ಅದು ಕೆಲಸಕ್ಕೆ ಮಾತ್ರ.

ಇನ್ನು ಹತ್ತು ವರ್ಷದ ವೀಸಾ. ನೆಲೆಸುವ ಉದ್ದೇಶವಿಲ್ಲ, ಕೆಲವು ದಿನ ಇದ್ದು ಹಿಂದಿರುಗುತ್ತೇನೆ ಎನ್ನುವವರಿಗೆ ಕೊಡುವ ವೀಸಾ ಅದು. ಐ-485 ಹಾಕುವ ಮೂಲಕ ನೀವು ಇಲ್ಲಿಯೇ ನೆಲೆಸುತ್ತೇನೆಂದು ಸರಕಾರಕ್ಕೆ ಬರೆದುಕೊಟ್ಟಿದ್ದೀರಿ. ಬಂದಿಳಿದ ನಿಲ್ದಾಣದಲ್ಲಿ ಗಡಿ ಅಧಿಕಾರಿಯ ಮುಂದೆ ಪ್ರವಾಸಕ್ಕೆ ಬಂದಿದ್ದೇನೆ ಎಂದರೆ ಅದು ಸುಳ್ಳು ಹೇಳಿಕೆಯಾಗುತ್ತದೆ, ಮತ್ತು ಅದರ ಪರಿಣಾಮ ಆಜೀವ ಪ್ರವೇಶ ನಿಷೇಧದವರೆಗೂ ಹೋಗಬಹುದು. ಗಂಡನ ಮನೆಗೆ ಬಂದಿದ್ದೇನೆ ಎಂದು ನಿಜ ಹೇಳಿದರೆ ಅದೇ ವೀಸಾ ರದ್ದಾಗಬಹುದು. ಹೀಗೆ ಎರಡು ಉತ್ತರವೂ ಕೆಡುಕಾಗುವ ಪ್ರಶ್ನೆಯನ್ನು ಹುಡುಕಿಕೊಂಡು ಹೋಗುವುದು ಜಾಣತನವಲ್ಲ.

ಎಚ್-1ಬಿ, ಎಲ್-1 ಉದ್ಯೋಗ ವೀಸಾ ಮತ್ತು ಅವರ ಕುಟುಂಬದವರ ಎಚ್-4, ಎಲ್-2 ವೀಸಾ ಸ್ಥಿತಿಯಲ್ಲಿರುವವರಿಗೆ ವಿನಾಯಿತಿ ಇದೆ: ಸ್ಥಿತಿ ಊರ್ಜಿತವಾಗಿದ್ದು, ಅದೇ ವೀಸಾದ ಮೇಲೆ ಮರಳಿದರೆ ಐ-485 ಕೈಬಿಟ್ಟಂತಾಗುವುದಿಲ್ಲ. ಕೆ-1 ನಿಶ್ಚಿತಾರ್ಥದ ವೀಸಾದಲ್ಲಿ ಬಂದು ಮದುವೆಯಾದವರಿಗೆ ಈ ಸೌಲಭ್ಯವಿಲ್ಲ, ಏಕೆಂದರೆ ಆ ವೀಸಾ ಒಂದೇ ಪ್ರವೇಶಕ್ಕೆ ಮುಗಿಯುತ್ತದೆ.

ಅಡ್ವಾನ್ಸ್ ಪರೋಲ್‌ಗೆ ಮೊದಲೆಲ್ಲ ಪ್ರತ್ಯೇಕ ಶುಲ್ಕವಿರಲಿಲ್ಲ. 2024ರ ದರಪಟ್ಟಿಯಿಂದ ಐ-131ಕ್ಕೆ 630 ಡಾಲರ್ ಬೇರೆಯಾಗಿ ತೆರಬೇಕಾಗಿದೆ. ಅಡ್ವಾನ್ಸ್ ಪರೋಲ್ ಪತ್ರ ಹೊರಡುವ ದಿನ ಕೈಯಲ್ಲಿರಬೇಕು, ಹಿಂದಿರುಗುವ ದಿನವೂ ಚಾಲ್ತಿಯಲ್ಲಿರಬೇಕು. ಸಾವು, ಗಂಭೀರ ಕಾಯಿಲೆಯಂತಹ ತುರ್ತಿಗೆ ದಾಖಲೆ ಸಹಿತ ಯುಎಸ್‌ಸಿಐಎಸ್ ಸ್ಥಳೀಯ ಕಚೇರಿಯಲ್ಲಿ ಶೀಘ್ರ ಪತ್ರ ಕೋರಬಹುದು. ಮದುವೆಯ ಸಮಾರಂಭವನ್ನು ಆ ಪಟ್ಟಿಗೆ ಸೇರಿಸಿ ಎಂದು ನನಗೆ ಬರೆದು ಪ್ರಯೋಜನವಿಲ್ಲ, ಪಟ್ಟಿ ನನ್ನದಲ್ಲ.

ಯಾರೂ ಕೇಳದ, ಆದರೆ ಕೇಳಬೇಕಾದ ಇನ್ನೊಂದು ಪ್ರಶ್ನೆ ಇದರ ಬೆನ್ನಿಗೇ ಇದೆ: ಅರ್ಜಿ ಹಾಕುವ ಮೊದಲು, ಉಳಿಯಲು ಅನುಮತಿ ಇದ್ದ ಅವಧಿ ಮೀರಿ ಉಳಿದಿದ್ದವರ ಗತಿಯೇನು? ಅಧಿಕಾರಿಯ ತಪಾಸಣೆಗೆ ಒಳಗಾಗಿ ದೇಶ ಪ್ರವೇಶಿಸಿದ, ಅಮೆರಿಕದ ಪ್ರಜೆಯ ಪತಿ ಅಥವಾ ಪತ್ನಿಗೆ ಈ ತಪ್ಪು ದೇಶದೊಳಗೆ ಇರುವವರೆಗೆ ಗ್ರೀನ್ ಕಾರ್ಡ್‌ಗೆ ಅಡ್ಡಿಯಾಗುವುದಿಲ್ಲ. ಆದರೆ ಅಕ್ರಮ ವಾಸ 180 ದಿನ ಮೀರಿದ್ದರೆ ಹೊರಟ ಮೇಲೆ ಮೂರು ವರ್ಷ, ಒಂದು ವರ್ಷ ಮುಟ್ಟಿದ್ದರೆ ಹತ್ತು ವರ್ಷ ಪ್ರವೇಶ ನಿಷೇಧವೆಂದು ಕಾನೂನು ಹೇಳುತ್ತದೆ. ಹಾಗಾದರೆ ಅಡ್ವಾನ್ಸ್ ಪರೋಲ್ ಪಡೆದು ಹೋದವರೂ ಈ ಬಲೆಗೆ ಬೀಳುತ್ತಾರೆಯೇ ಎಂಬ ವಿವಾದಕ್ಕೆ ವಲಸೆ ಮೇಲ್ಮನವಿ ಮಂಡಳಿ 2012ರಲ್ಲಿ ಉತ್ತರ ಕೊಟ್ಟಿತು. ಅರ್ರಬಲ್ಲಿ ಮತ್ತು ಯೆರ್ರಬೆಲ್ಲಿ ಎಂದು ಹೆಸರಾದ, ಭಾರತೀಯ ದಂಪತಿಯ ಆ ಪ್ರಕರಣದಲ್ಲಿ, ಅಡ್ವಾನ್ಸ್ ಪರೋಲ್ ಮೇಲೆ ಹೋಗಿ ಬರುವುದು ಹತ್ತು ವರ್ಷದ ನಿಷೇಧ ತರುವ ನಿರ್ಗಮನವಲ್ಲ ಎಂದು ತೀರ್ಮಾನವಾಯಿತು. ಆದರೂ ಗಡಿಯಲ್ಲಿ ಒಳಬಿಡುವ ಅಂತಿಮ ಅಧಿಕಾರ ಅಲ್ಲಿನ ಅಧಿಕಾರಿಯದೇ. ಗಡೀಪಾರು ಆದೇಶ ಅಥವಾ ಅಪರಾಧದ ದಾಖಲೆ ಇರುವವರು ಅಡ್ವಾನ್ಸ್ ಪರೋಲ್ ಕೈಯಲ್ಲಿದ್ದರೂ ವಲಸೆ ವಕೀಲರಿಗೆ ಕಡತ ತೋರಿಸಿದ ಮೇಲೆಯೇ ಟಿಕೆಟ್ ಕೊಳ್ಳಬೇಕು.