ಎಂಜಲಿನಲ್ಲಿ ಬಂದು ಬದುಕಿಡೀ ಉಳಿಯುವ ವೈರಸ್

ಕೊಪ್ಪಳದ ಕಡೆ ಅಜ್ಜಿ ತನ್ನ ತಟ್ಟೆಯಿಂದಲೇ ಹಾಲಲ್ಲಿ ನೆನೆಸಿದ ಜೋಳದ ರೊಟ್ಟಿಯ ತುತ್ತನ್ನು ಮೊಮ್ಮಗುವಿನ ಬಾಯಿಗಿಡುತ್ತಾಳೆ. ಎಪ್‌ಸ್ಟೈನ್-ಬಾರ್ ವೈರಸ್ ದಾಟಿಕೊಳ್ಳಲು ಅಷ್ಟು ಎಂಜಲು ಸಾಕು. ಅಜ್ಜಿ ಆರೋಗ್ಯವಾಗಿಯೇ ಇರುತ್ತಾಳೆ. ಆದರೂ ಅವಳ ಜೊಲ್ಲಿನಲ್ಲಿ ಆಗಾಗ ಈ ವೈರಸ್ ಬರುತ್ತಿರುತ್ತದೆ. ಜಗತ್ತಿನ ವಯಸ್ಕರಲ್ಲಿ ಶೇ. 90ಕ್ಕಿಂತ ಜಾಸ್ತಿ ಜನರ ಮೈಯಲ್ಲಿ ಇದು ಇದೆ. ತುತ್ತು ಕೊಡುವುದನ್ನು ನಿಲ್ಲಿಸಿ ಎಂದು ನಾನಂತೂ ಹೇಳಲಾರೆ. ಚಿಕ್ಕಂದಿನಲ್ಲಿ ಇದು ತಗುಲಿದರೆ ಸಾಮಾನ್ಯವಾಗಿ ಗೊತ್ತೇ ಆಗುವುದಿಲ್ಲ.

ಇದನ್ನು 1964ರಲ್ಲಿ ಗುರುತಿಸಿದವರು ಲಂಡನ್ನಿನಲ್ಲಿದ್ದ ಆಂಟನಿ ಎಪ್‌ಸ್ಟೈನ್, ಬರ್ಟ್ ಅಚಾಂಗ್ ಮತ್ತು ಇವೋನ್ ಬಾರ್. ಉಗಾಂಡಾದಿಂದ ಬಂದ ಕ್ಯಾನ್ಸರ್ ಗಡ್ಡೆಯ ಕೋಶಗಳಲ್ಲಿ ಅದು ಕಂಡಿತ್ತು.

ಗಂಟಲು ಸೇರಿದ ವೈರಸ್ ಬಿ ಕೋಶಗಳನ್ನು ಹಿಡಿಯುತ್ತದೆ. ರೋಗದ ವಿರುದ್ಧ ಪ್ರತಿಕಾಯ ತಯಾರಿಸುವುದು ಇವೇ. ಕಾಯಬೇಕಾದ ಕೋಶದೊಳಗೇ ಹೊಕ್ಕು, ಆ ಕೋಶವೇ ಒಂದೇ ಸಮನೆ ಹೆಚ್ಚುವಂತೆ ಮಾಡುತ್ತದೆ. ಆದರೆ ಸೋಂಕು ತಗುಲಿದ ಕೋಶದ ಮೈಮೇಲೆ ವೈರಸ್ ಪ್ರೋಟೀನಿನ ಚೂರುಗಳು ಕಾಣಿಸಿಕೊಳ್ಳುತ್ತವೆ. ದೇಹ ಕಾಯುವ ಇನ್ನೊಂದು ಬಗೆಯ ಬಿಳಿಕಣಗಳಾದ ಟಿ ಕೋಶಗಳು ಆ ಗುರುತು ಹಿಡಿದು ಅಂಥ ಕೋಶಗಳನ್ನು ಕೊಲ್ಲುತ್ತವೆ.

ರಾಯಚೂರಿನ ಹಾಸ್ಟೆಲ್ಲಿನಲ್ಲಿ ಓದುವ ಹುಡುಗಿಗೆ ಇದು ಮೊದಲ ಸಲ ತಗುಲಿದರೆ ಕಥೆ ಬೇರೆ ಇರಬಹುದು. ಜ್ವರ, ಗಂಟಲು ನೋವು, ಕುತ್ತಿಗೆಯಲ್ಲಿ ಗಂಟು, ವಾರಗಟ್ಟಲೆ ಸುಸ್ತು. ಈ ಸಂಕಟದಲ್ಲಿ ದೊಡ್ಡ ಪಾಲು ಟಿ ಕೋಶಗಳ ಹೋರಾಟದ್ದೇ. ರಕ್ತ ಪರೀಕ್ಷೆಯಲ್ಲಿ ವಿಚಿತ್ರವಾಗಿ ಕಾಣುವ ದೊಡ್ಡ ಬಿಳಿಕಣಗಳೂ ಹೆಚ್ಚಾಗಿ ಅವೇ. ಇಂಥ ಹೊತ್ತಿನಲ್ಲಿ ಮೆಡಿಕಲ್ ಶಾಪಿನಿಂದ ಅಮಾಕ್ಸಿಸಿಲಿನ್ ತಂದು ಸುಮ್ನೆ ನುಂಗಬೇಡಿ. ವೈರಸ್ಸಿಗೆ ಅದು ನಾಟುವುದಿಲ್ಲ, ಮೈತುಂಬ ದದ್ದು ಏಳಬಹುದು. ಹೊಟ್ಟೆಯ ಎಡಗಡೆ ಇರುವ ಗುಲ್ಮ ಊದಿಕೊಂಡು, ಪೆಟ್ಟು ಬಿದ್ದರೆ ಒಡೆಯಬಹುದಾದ್ದರಿಂದ ಡಾಕ್ಟರು ಹೇಳುವವರೆಗೆ ಕಬಡ್ಡಿಯೂ ಬೇಡ.

ಸುಸ್ತು ಕಳೆದ ಮೇಲೂ ವೈರಸ್ ಹೋಗುವುದಿಲ್ಲ. ಕೆಲವು ಬಿ ಕೋಶಗಳಲ್ಲಿ ಹೆಚ್ಚುಕಡಿಮೆ ಯಾವ ಪ್ರೋಟೀನನ್ನೂ ಮಾಡದೆ ಅಡಗಿರುತ್ತದೆ. ಗುರುತೇ ಇಲ್ಲದ ಮೇಲೆ ಟಿ ಕೋಶಗಳು ಹಿಡಿಯುವುದಾದರೂ ಹೇಗೆ? ಗಂಗಾವತಿಯ ಗದ್ದೆಯಲ್ಲಿ ಬೇರು ಉಳಿದ ಕಳೆಯ ಹಾಗೆ ಅದು ಮತ್ತೆ ಮತ್ತೆ ಚಿಗುರುತ್ತದೆ, ಟಿ ಕೋಶಗಳು ಪ್ರತಿ ಸಲವೂ ಕೀಳುತ್ತವೆ.

ಈ ಕಾವಲು ಎಷ್ಟು ಮುಖ್ಯ ಅನ್ನುವುದು ಅಂಗ ಕಸಿಯಾದವರಲ್ಲಿ ತಿಳಿಯುತ್ತದೆ. ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಿರಲೆಂದು ಕೊಡುವ ಮದ್ದು ಟಿ ಕೋಶಗಳನ್ನು ತಗ್ಗಿಸುತ್ತದೆ. ಆಗ ಸೋಂಕಿನ ಬಿ ಕೋಶಗಳು ಮಿತಿಮೀರಿ ಬೆಳೆದು ಕೆಲವರಲ್ಲಿ ಕ್ಯಾನ್ಸರ್ ಆಗುತ್ತವೆ. ಡಾಕ್ಟರು ಆ ಮದ್ದನ್ನು ಕಡಿಮೆ ಮಾಡಿ ನೋಡುತ್ತಾರೆ. ಬೇರೆಯವರ ಟಿ ಕೋಶಗಳನ್ನು ಈ ವೈರಸ್ಸಿನ ವಿರುದ್ಧ ಪಳಗಿಸಿ ರೋಗಿಗೆ ಕೊಡುವ ಚಿಕಿತ್ಸೆಗೆ 2022ರಲ್ಲಿ ಯುರೋಪ್ ಒಪ್ಪಿಗೆ ಕೊಟ್ಟಿದೆ. ನಿಮ್ಮ ಮನೆಯಲ್ಲಿ ಕಸಿಯಾದವರಿದ್ದು, ಅವರಿಗೆ ಬಿಡದ ಜ್ವರವೋ ಕುತ್ತಿಗೆಯಲ್ಲಿ ಗಂಟೋ ಕಂಡರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ.